ಬಾವಿ ಸಿಹಿಯಿರುವ ತನಕ

ಓಮಾನ್ ಅಂದರೆ ನಮ್ಮ ಊರಿನವರಿಗೆ ಮರಳು, ಒಂಟೆ, ಎಣ್ಣೆ, ಅಷ್ಟೇ. ನಾನು ಇಲ್ಲಿ ತೋಟದ ನಡುವೆ ಬದುಕುತ್ತಿದ್ದೇನೆ, ಅಡುಗೆಮನೆಯ ಕಿಟಕಿ ತೆರೆದರೆ ಮಾವಿನ ಮರ ಕಾಣುತ್ತದೆ ಎಂದರೆ ಕಾಪುವಿನಲ್ಲಿರುವ ನನ್ನ ನಾದಿನಿ ಇವತ್ತಿಗೂ ನಂಬುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ತೋರಿಸಿದರೂ, ಯಾವುದೋ ಹೋಟೆಲಿನ ಗಾರ್ಡನ್ನಿಗೆ ಹೋಗಿ ಜಂಬ ಮಾಡುತ್ತಿದ್ದಾಳೆ ಎಂದು ಅತ್ತೆಯ ಹತ್ತಿರ ಹೇಳಿದಳಂತೆ. ಹೇಳಿಕೊಳ್ಳಲಿ. ಅವಳಿಗೆ ತೋರಿಸಬೇಕಾದದ್ದನ್ನು ನಾನು ಹೇಗೂ ತೋರಿಸಿಲ್ಲ. ಆ ಮಾವಿನ ಮರದ ಎಲೆಗಳ ತುದಿ ಈಗ ಸುಟ್ಟ ಕಾಗದದಂತೆ ಕಂದಾಗಿದೆ.

ಮಸ್ಕತ್‌ನಿಂದ ಸೊಹಾರ್ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಬಲಗಡೆ ಸಮುದ್ರ, ಎಡಗಡೆ ದೂರದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಸಾಲು. ಬೆಟ್ಟದ ಬುಡದಿಂದ ಕಲ್ಲುಗುಂಡಿನ ಬಯಲು ನಿಧಾನವಾಗಿ ಇಳಿಯುತ್ತಾ ಬಂದು ಹೆದ್ದಾರಿ ದಾಟುತ್ತದೆ. ದಾಟಿದ ಮೇಲೆ, ಸಮುದ್ರಕ್ಕೆ ತಾಗಿಕೊಂಡು, ಸೀರೆಯ ಅಂಚಿನಷ್ಟು ಹಸಿರು. ಇದಕ್ಕೆ ಬಾತಿನಾ ಎಂದು ಹೆಸರು. ಹಾಗೆಂದರೆ ಹೊಟ್ಟೆ ಎಂದು ತೋಟದ ಯಜಮಾನರು ತಮ್ಮ ಹೊಟ್ಟೆಯನ್ನೇ ತಟ್ಟಿ ನನಗೆ ಅರ್ಥ ಹೇಳಿಕೊಟ್ಟಿದ್ದರು. ಬೆಟ್ಟದ ಮೇಲೆ ಯಾವಾಗಲೋ ಬಿದ್ದ ಮಳೆ ನೆಲದೊಳಗೆ ಇಳಿದು, ಎಷ್ಟೋ ವರ್ಷ ಕತ್ತಲೆಯಲ್ಲಿ ಹರಿದು ಈ ಪಟ್ಟಿಗೆ ಬಂದು ಸೇರುತ್ತದೆ. ಆ ನೀರನ್ನು ಎತ್ತಿ ಇಲ್ಲಿಯವರು ಖರ್ಜೂರ, ನಿಂಬೆ, ಮಾವು ಬೆಳೆದರು. ಆಚೆ ಪಕ್ಕದಲ್ಲಿ ಸಮುದ್ರ ಕಾಯುತ್ತಾ ನಿಂತಿದೆ. ಸಿಹಿನೀರನ್ನು ಮಿತಿ ಮೀರಿ ಎತ್ತಿದರೆ ಆ ಖಾಲಿ ಜಾಗಕ್ಕೆ ಉಪ್ಪುನೀರು ನೆಲದಡಿಯಿಂದಲೇ ಬಂದು ಕೂರುತ್ತದೆ. ಇದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆಯೂ ಹೊಳೆಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಆದರೆ ನಮಗೆ ಜೂನ್ ಬರುತ್ತದೆ, ಬಾವಿ ತೊಳೆದುಹೋಗುತ್ತದೆ. ಇಲ್ಲಿ ಜೂನ್ ಬಂದರೆ ಇನ್ನಷ್ಟು ಬಿಸಿಲು.

ನನ್ನ ಗಂಡ ಈ ತೋಟದ ಫೋರ್‌ಮನ್. ಮೊದಲು ಮಸ್ಕತ್‌ನ ರುವಿಯಲ್ಲಿ ಪಂಪು, ಪೈಪು ಮಾರುವ ಅಂಗಡಿಯಲ್ಲಿದ್ದರು. ಅಲ್ಲಿಗೆ ಪಂಪು ಕೊಳ್ಳಲು ಬಂದ ಯಜಮಾನರೇ ಇವರನ್ನು ಮೆಚ್ಚಿ ಕರೆದುಕೊಂಡು ಬಂದದ್ದು. ಇವರು ಅವರನ್ನು ಅರ್ಬಾಬ್ ಎನ್ನುತ್ತಾರೆ, ಒಡೆಯ ಎಂಬ ಅರ್ಥದಲ್ಲಿ. ನಾನು ಬಾಬಾ ಎನ್ನುತ್ತೇನೆ. ಅವರೇ ನಮ್ಮ ಕಫೀಲ್, ಅಂದರೆ ನಮ್ಮ ವೀಸಾ ಅವರ ಹೆಸರಿನಲ್ಲಿದೆ. ತೋಟದ ಮೂಲೆಯ ಎರಡು ಕೋಣೆಯ ಮನೆ ನಮಗೆ. ನಾನು ಹೆದ್ದಾರಿ ಬದಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನಲ್ಲಿ ಕೂರುತ್ತೇನೆ. ಮಗಳು ಇಂಡಿಯನ್ ಸ್ಕೂಲಿಗೆ ಹೋಗುತ್ತಾಳೆ, ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಬಾಯಿಯೂ ಸುಮ್ಮನಿರುವ ಬಾಯಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಮಾತಿಗೆ ಬರ ಇಲ್ಲ.

ಬಾಬಾ ಅರ್ಧ ಅರಬಿ, ಅರ್ಧ ಹಿಂದಿ ಸೇರಿಸಿ ಮಾತಾಡುತ್ತಾರೆ. ಮಂಗಳೂರು ಅಂದಾಗ ಅವರಿಗೆ ಊರಿನ ಹೆಸರು ಹೊಸದಾಗಿರಲಿಲ್ಲ. ಅವರ ಅಜ್ಜನ ಕಾಲದ ದೋಣಿಗಳು ಖರ್ಜೂರ ತುಂಬಿಕೊಂಡು ನಮ್ಮ ಕರಾವಳಿಗೆ ಹೋಗಿ ಅಕ್ಕಿ, ಮರ, ಹೆಂಚು ತರುತ್ತಿದ್ದವಂತೆ. ಇಲ್ಲಿಂದ ಒಣನಿಂಬೆ ಬಸ್ರಾಕ್ಕೆ ಹೋಗುತ್ತಿತ್ತಂತೆ. ಆಗ ಬಾವಿಯಿಂದ ನೀರು ಎತ್ತುತ್ತಿದ್ದದ್ದು ಎತ್ತುಗಳು. ಎತ್ತಿಗೆ ಸುಸ್ತಾದರೆ ನೀರು ನಿಂತಿತು, ಬಾವಿಗೂ ಸುಧಾರಿಸಿಕೊಳ್ಳಲು ಪುರುಸೊತ್ತು. ಆಮೇಲೆ ಡೀಸೆಲ್ ಪಂಪು ಬಂತು, ಕರೆಂಟಿನ ಪಂಪು ಬಂತು, ಅವಕ್ಕೆ ಸುಸ್ತೆಂಬುದೇ ಇಲ್ಲ. ನಡುವೆ ನಿಂಬೆ ಗಿಡಗಳಿಗೆ ರೋಗ ಬಿದ್ದು, ಕೊಂಬೆಗಳು ಹಿಡಿಸೂಡಿಯ ಹಾಗೆ ಗುಂಪುಕಟ್ಟಿ ಒಣಗಿ ಹೋದವು. ನಿಂಬೆ ಹೋದ ಜಾಗದಲ್ಲಿ ಆಡು, ಒಂಟೆಗಳಿಗೆ ಮೇವಿನ ಹುಲ್ಲು ಬೆಳೆದರು. ಹುಲ್ಲು ಕುಡಿದಷ್ಟು ನೀರನ್ನು ನಿಂಬೆ ಯಾವ ಕಾಲದಲ್ಲೂ ಕುಡಿದಿರಲಿಲ್ಲ. ಇದನ್ನೆಲ್ಲ ಹೇಳುವಾಗ ಬಾಬಾ ಯಾರನ್ನೂ ಬೈಯುತ್ತಿರಲಿಲ್ಲ. ನಾವೂ ಬೆಳೆದೆವು, ನಾವೂ ಎತ್ತಿದೆವು ಎನ್ನುತ್ತಿದ್ದರು.

ಸಮುದ್ರಕ್ಕೆ ತೀರಾ ಹತ್ತಿರದ ತೋಟಗಳು ಮೊದಲು ಹೋದವು. ನಾನು ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಅವನ್ನು ದಿನಾ ನೋಡುತ್ತೇನೆ. ತಲೆಯಿಲ್ಲದ ಖರ್ಜೂರದ ಕಾಂಡಗಳು, ಅವುಗಳ ಬುಡದಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಉಪ್ಪು. ಆಮೇಲೆ ಒಳಗಿನ ತೋಟಗಳು ಒಂದೊಂದಾಗಿ ಮಾರಾಟವಾದವು. ಕೊಂಡವರು ಮರ ಕಡಿದು, ಎತ್ತರದ ಗೋಡೆ ಕಟ್ಟಿ, ಒಳಗೆ ಈಜುಕೊಳ, ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ ವಾರದ ಕೊನೆಗೆ ಬಾಡಿಗೆ ಕೊಡುವ ಮನೆ ಮಾಡಿದರು. ಇಸ್ತಿರಾಹ ಎನ್ನುತ್ತಾರೆ. ನಮ್ಮ ಎಡಕ್ಕೆ ಒಂದು ಇಸ್ತಿರಾಹ, ಬಲಕ್ಕೆ ಇನ್ನೊಂದು. ನಡುವೆ ಬಾಬಾನ ತೋಟ ಮಾತ್ರ ತೋಟವಾಗಿ ಉಳಿದಿತ್ತು, ಯಾಕೆಂದರೆ ಆ ಸಾಲಿನಲ್ಲಿ ಅವರ ಬಾವಿ ಒಂದೇ ಸಿಹಿಯಾಗಿತ್ತು.

ಬೆಳಿಗ್ಗೆ ಪಂಪು ಶುರುವಾದಾಗ ಬಾಬಾ ಪೈಪಿನ ಬಾಯಿಗೆ ಒಂದು ಅಲ್ಯೂಮಿನಿಯಂ ಬಟ್ಟಲು ಹಿಡಿದು ಮೊದಲ ನೀರು ಕುಡಿಯುತ್ತಾರೆ. ಆಮೇಲೆ ಅಲ್ಲಿ ಯಾರಿದ್ದರೂ ಅವರಿಗೆ ಬಟ್ಟಲು ಕೊಡುತ್ತಾರೆ. ಅವರೂ ಕುಡಿದು ನೀರು ಹೇಗಿದೆ ಎಂದು ಹೇಳಬೇಕು. ಅವರಪ್ಪನ ಕಾಲದಿಂದ ನಡೆದು ಬಂದ ಕ್ರಮ ಅದು. ನಾವು ಬಂದ ಮೊದಲ ದಿನ ಬಾಬಾ ನೀರು ಕುಡಿದು, ಬಟ್ಟಲನ್ನು ನನ್ನ ಗಂಡನ ಕೈಗೆ ಕೊಡುತ್ತಾ "ಮಾಯ್ ಹಾಲಿ" ಎಂದರು. ಇವರು ಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೂತರು. ಏನಾಯಿತು ಎಂದು ಕೇಳಿದರೆ, "ನೀರು ಹಾಳು ಅಂತೆ ಮಾರಾಯ್ತಿ. ಮಾಯ, ಹಾಳು ಅಂತ ಅರ್ಬಾಬ್ ಬಾಯಿಬಿಟ್ಟೇ ಹೇಳಿದ್ರು" ಎಂದರು.

ಇವರ ಅರಬಿ ರುವಿಯ ಅಂಗಡಿಯಲ್ಲಿ ಕಲಿತ ಅರಬಿ, ಯಲ್ಲಾ, ಖಲಾಸ್ ದಾಟಿ ಹೆಚ್ಚು ದೂರ ಹೋಗಿರಲಿಲ್ಲ. ಯಜಮಾನರೇ ಹಾಳು ಅಂದ ನೀರನ್ನು ಮಗುವಿಗೆ ಕುಡಿಸುವುದು ಹೇಗೆ ಎಂದು ನಾವು ಪೇಟೆಯಿಂದ ಕ್ಯಾನ್ ನೀರು ತಂದು ಅದರಲ್ಲೇ ಅಡುಗೆ ಮಾಡಿದೆವು. ಖಾಲಿ ಕ್ಯಾನುಗಳನ್ನು ಹಿತ್ತಿಲಲ್ಲಿ ಒಟ್ಟಿದ್ದನ್ನು ಬಾಬಾ ನೋಡಿದರು. ಆಮೇಲೆ ಇವರ ಸಲಾಮಿಗೆ ಸರಿಯಾಗಿ ಉತ್ತರ ಕೊಡುವುದನ್ನೇ ಬಿಟ್ಟರು. ಕೊನೆಗೆ ಅವರ ದೊಡ್ಡ ಮಗ ಬಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಸೊಹಾರ್ ಬಂದರಿನ ಕಡೆ ಒಂದು ಆಫೀಸಿನಲ್ಲಿ ಕೆಲಸ ಅವನಿಗೆ, ತುಂಬ ನಯವಾದ ಮನುಷ್ಯ. ನಮ್ಮ ಹಾಳಿನ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಲ್ಲಿಯ ಹಳಬರ ಮಾತಿನಲ್ಲಿ ಮಾಯ್ ಅಂದರೆ ನೀರು, ಹಾಲಿ ಅಂದರೆ ಸಿಹಿ, ನನ್ನಪ್ಪ ತಮ್ಮ ನೀರು ಸಿಹಿ ಎಂದು ಹೆಮ್ಮೆಯಿಂದ ಹೇಳಿದ್ದು ಎಂದ. ಬಾಬಾಗೆ ಅರ್ಥವಾದಾಗ ಅವರೂ ನಕ್ಕರು. ನಾನು ಆವತ್ತೇ ಬಾವಿಯ ನೀರಿನಲ್ಲಿ ಗಂಜಿ ಮಾಡಿದೆ, ಒಳ್ಳೆಯ ನೀರು, ಅಕ್ಕಿ ಬೇಗ ಬೆಂದಿತು.

ನಂತರದ ವರ್ಷಗಳಲ್ಲಿ ಬಾಬಾಗೆ ಗಂಟಲಿನ ಕಾಯಿಲೆ ಬಂತು. ಮಸ್ಕತ್‌ನ ಆಸ್ಪತ್ರೆಯಲ್ಲಿ ಕುತ್ತಿಗೆಗೆ ಕಿರಣ ಹಾಯಿಸಿದರು. ಅವರು ಬದುಕಿ ಬಂದರು, ಆದರೆ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ಆಗ ಮಕ್ಕಳು ಕೂತು ಮಾತಾಡಿದರು. ತೋಟದಿಂದ ಬರುವುದು ಪಂಪಿನ ಕರೆಂಟಿಗೂ ಆಳುಗಳ ಸಂಬಳಕ್ಕೂ ಸಾಲದು, ಮಾರಿಬಿಡೋಣ, ನೀವು ಸೊಹಾರಿಗೆ ಬಂದು ನಮ್ಮ ಜೊತೆ ಇರಿ ಎಂದರು. ಬಾಬಾ ಎಲ್ಲರ ಎದುರು ಮಾತು ಕೊಟ್ಟರು. ಬಾವಿ ಸಿಹಿಯಿರುವ ತನಕ ಮಾರುವುದಿಲ್ಲ. ನೀರು ಉಪ್ಪಾದ ದಿನ ನಾನೇ ಸಹಿ ಹಾಕುತ್ತೇನೆ. ಮಕ್ಕಳು ಒಪ್ಪಿದರು. ಹೇಗೂ ಆ ದಿನ ದೂರವಿಲ್ಲ ಎಂದು ಅವರಿಗೆ ಗೊತ್ತಿತ್ತು ಎಂದು ನನ್ನ ಅನುಮಾನ.

ಆ ಮಾತಿನ ಮೇಲೆ ನಮ್ಮ ಬದುಕೂ ನಿಂತಿತ್ತು. ತೋಟ ಹೋದರೆ ಇವರ ಕೆಲಸ ಹೋಯಿತು. ಈ ವಯಸ್ಸಿನಲ್ಲಿ ಇವರಿಗೆ ಸಿಗುವುದು ದೂರದ ದುಕ್ಮ್ ಬಂದರಿನ ಕಡೆಯ ಯಾವುದಾದರೂ ಕಂಪೆನಿ, ಅಲ್ಲಿ ಕ್ಯಾಂಪಿನಲ್ಲಿ ಒಂದು ಮಂಚ, ಬೆಳಿಗ್ಗೆ ಕಂಪೆನಿ ಬಸ್ಸು. ನಾನು ಮಗಳನ್ನು ಕಟ್ಟಿಕೊಂಡು ಊರಿಗೆ ಹೋಗಬೇಕು. ತೋಟದಲ್ಲಿ ದುಡಿಯುವ ಬಾಂಗ್ಲಾದ ಗಂಡಸರ ಪಾಡೂ ಅದೇ. ಹಾಗಾಗಿ ಬೆಳಿಗ್ಗೆ ಬಟ್ಟಲು ಕೈಗೆ ಬಂದಾಗ ಎಲ್ಲರೂ ಹಾಲಿ ಎನ್ನುತ್ತಿದ್ದರು, ಮೊದಮೊದಲು ಅದು ನಿಜವೂ ಆಗಿತ್ತು.

ಉಪ್ಪು ನಮ್ಮ ಮನೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಗಂಡ ಹೆಂಡಿರ ಜಗಳವಾಗಿ. ಇವರು ಗಂಜಿಗೆ ಉಪ್ಪು ಜಾಸ್ತಿ ಎಂದರು. ಇಷ್ಟು ವರ್ಷ ಇದೇ ಕೈಯಲ್ಲಿ ಉಂಡಿದ್ದೀರಲ್ಲ, ಈಗ ಎಂತ ದೋಷ ಬಂತು ಎಂದು ನಾನು ಹಾರಿಬಿದ್ದೆ. ಆದರೂ ಸ್ವಲ್ಪ ಕಡಿಮೆ ಹಾಕಿದೆ. ಮತ್ತೆ ಜಾಸ್ತಿ ಎಂದರು. ನಿಮಗೆ ಪ್ರೆಶರ್ ಬಂದಿದೆ, ನಾಲಿಗೆ ಕೆಟ್ಟಿದೆ ಎಂದು ನಾನೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಏನೂ ಇರಲಿಲ್ಲ. ಒಂದು ದಿನ ಹಾಲು ಹಾಕಿದ ಕೂಡಲೇ ಚಹಾ ಒಡೆಯಿತು. ಹಾಲು ಹಳೆಯದಿರಬೇಕೆಂದು ಹೊಸ ಪ್ಯಾಕೆಟ್ ಒಡೆದೆ, ಅದೂ ಒಡೆಯಿತು. ಮಗಳು ಬಾಟ್ಲಿಗೆ ತುಂಬಿಸಿದ ನೀರನ್ನು ಸಿಂಕಿಗೆ ಚೆಲ್ಲಿ, ಇದು ಭೇದಿಯಾದಾಗ ಕುಡಿಸುವ ಪುಡಿನೀರಿನ ಹಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಸ್ಕೂಲ್ ಬಸ್ಸಿಗೆ ಓಡಿದಳು. ಆವತ್ತು ಮಧ್ಯಾಹ್ನ ಗಂಜಿಗೆ ನಾನು ಉಪ್ಪೇ ಹಾಕಲಿಲ್ಲ. ಇವರು ಉಂಡು, ಇವತ್ತು ಸರಿಯಾಗಿದೆ ನೋಡು ಎಂದರು. ನಾನು ಅಡುಗೆಮನೆಗೆ ಹೋಗಿ ಕೂತುಬಿಟ್ಟೆ. ನನಗೆ ಹೆದರಿಕೆಯಾಗಿತ್ತು.

ಇವರಿಗೆ ಮೊದಲೇ ಗೊತ್ತಿತ್ತು. ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಮೀಟರು ಇವರ ಕಿಸೆಯಲ್ಲೇ ಇರುತ್ತದೆ. ಹಿಂದೊಮ್ಮೆ ಅದನ್ನು ಬಾಬಾಗೆ ತೋರಿಸಲು ಹೋದಾಗ, ಯಂತ್ರಕ್ಕೆ ಬಾಯಾರಿಕೆ ಆಗುವುದಿಲ್ಲ, ಅದಕ್ಕೆ ನೀರಿನ ಸುದ್ದಿ ಏನು ಗೊತ್ತು ಎಂದು ಅವರು ಕೈಯಾಡಿಸಿ ಕಳಿಸಿದ್ದರಂತೆ. ಅದನ್ನೇ ನೆಪ ಮಾಡಿಕೊಂಡು ಇವರು ಸುಮ್ಮನಿದ್ದರು. ಈಗ ನಾನೂ ಸುಮ್ಮನಿರಬೇಕು ಎಂದರು. ಆಳುಗಳೂ ಸುಮ್ಮನಿದ್ದರು. ಕುಡಿಯಲಿಕ್ಕೆ ನಾವು ಕ್ಯಾನ್ ನೀರನ್ನು ಕಾರಿನ ಡಿಕ್ಕಿಯಲ್ಲಿ ಮುಚ್ಚಿ ತರತೊಡಗಿದೆವು.

ಬಾಬಾಗೆ ಯಾಕೆ ತಿಳಿಯುವುದಿಲ್ಲ ಎಂಬುದೇ ನನಗೆ ಒಗಟಾಗಿತ್ತು. ದಿನಾ ಬಟ್ಟಲು ತುಂಬ ಕುಡಿಯುತ್ತಿದ್ದರು, ತೃಪ್ತಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಒಮ್ಮೆ ಬಂಗುಡೆ ಸಾರು ಮಾಡಿ ಒಂದು ಪಾತ್ರೆ ಅವರಿಗೂ ಕಳಿಸಿದೆ. ಆವತ್ತು ಕ್ಯಾನ್ ನೀರಿನಲ್ಲಿ ಮಾಡಿದ್ದೆ, ಗಡಿಬಿಡಿಯಲ್ಲಿ ಉಪ್ಪು ಹಾಕಲು ಮರೆತಿದ್ದೆ. ನಾವು ಊಟಕ್ಕೆ ಕೂತಾಗ ತಿಳಿದು ನಾಚಿಕೆಯಾಗಿ, ಉಪ್ಪಿನ ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಓಡಿದೆ. ಅವರು ಅಷ್ಟೂ ಸಾರನ್ನು ಉಂಡು ಮುಗಿಸಿ ಕೈ ತೊಳೆಯುತ್ತಿದ್ದರು. ಉಪ್ಪು, ಹುಳಿ ಎಲ್ಲ ಹದವಾಗಿತ್ತು ಎಂದು ಹೊಗಳಿದರು. ಆ ಕಿರಣಗಳು ಅವರ ನಾಲಿಗೆಯ ರುಚಿಯನ್ನು ತೆಗೆದುಬಿಟ್ಟಿದ್ದವು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬಾವಿಗೆ ಸಾಕ್ಷಿ ಹೇಳುವವರು ಯಾರು? ಅದಕ್ಕೇ ಬಟ್ಟಲನ್ನು ಬೇರೆಯವರ ಕೈಗೆ ಕೊಟ್ಟು, ಅವರು ಹೇಳುವ ತನಕ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಅವರ ಪಾಲಿಗೆ ನೀರಿನ ರುಚಿ ಅಂದರೆ ನಮ್ಮ ಮಾತು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಬಂದೆ, ದಾರಿಯುದ್ದಕ್ಕೂ ಅಳು ಬಂತು.

ಕಳೆದ ಚಳಿಗಾಲದ ಒಂದು ಶುಕ್ರವಾರ ದೊಡ್ಡ ಮಗ ಬಂದ. ಅವನ ಹಿಂದೆ ಇನ್ನೊಂದು ಕಾರಿತ್ತು, ಅದರಲ್ಲಿ ತೋಟ ಕೊಳ್ಳುವವನು ಕೂತಿದ್ದ. ಎರಡು ಕಡೆಯ ಇಸ್ತಿರಾಹಗಳು ಇವನವೇ, ನಡುವಿನ ಜಾಗ ಸಿಕ್ಕಿದರೆ ಎಲ್ಲ ಒಂದಾಗುತ್ತದೆ. ಕೊಳ್ಳುವವನು ಕಾರಿನಿಂದ ಇಳಿಯಲಿಲ್ಲ. ಪಂಪಿನ ಹತ್ತಿರ ಬಾಬಾ, ನನ್ನ ಗಂಡ, ಆಳುಗಳು ಇದ್ದರು. ನಾನು ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತೆ. ನೆರೆಯ ಬಾವಿಗಳೆಲ್ಲ ಸಮುದ್ರವೇ ಆಗಿವೆ, ನಮ್ಮದೊಂದು ಹೇಗೆ ಉಳಿದಿರಲು ಸಾಧ್ಯ, ಇವತ್ತು ನಾನೇ ನೋಡುತ್ತೇನೆ ಎಂದು ಮಗ ಗಟ್ಟಿಯಾಗಿಯೇ ಹೇಳಿದ. ನೋಡು ಎಂದು ಬಾಬಾ ಬಟ್ಟಲು ತುಂಬಿ ಕೊಟ್ಟರು.

ಮಗ ಬಾಯಿಗಿಟ್ಟ. ಮೊದಲ ಗುಟುಕಿಗೇ ಅವನ ಗಂಟಲು ನಿಂತಿತು, ನನಗೆ ಅಷ್ಟು ದೂರದಿಂದಲೂ ಕಂಡಿತು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಅವನು ಬಟ್ಟಲಿನ ಅಂಚಿನ ಮೇಲಿಂದ ಅಪ್ಪನ ಮುಖ ನೋಡಿದ. ಬಾಬಾ ಒಂದು ಕೈಯಲ್ಲಿ ಪೈಪು ಹಿಡಿದುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ಅವನನ್ನೇ ನೋಡುತ್ತಿದ್ದರು. ಮಗ ಕಣ್ಣು ಮುಚ್ಚಿ ಬಟ್ಟಲನ್ನು ಪೂರ್ತಿ ಕುಡಿದ.

"ಹಾಲಿ, ಬಾಬಾ" ಎಂದ. "ನೀವು ಹೇಳಿದ್ದೇ ಸರಿ."

ಮಾರಾಟದ ಮಾತು ತೆಗೆದಿದ್ದೇ ಅವನು. ಅವನು ಉಪ್ಪು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾಬಾ ಕೊಟ್ಟ ಮಾತಿನಂತೆ ಅಲ್ಲೇ ಸಹಿ ಹಾಕುತ್ತಿದ್ದರು. ಆದರೆ ಬಾಬಾ ಅವನ ಹಣೆಗೆ ಮುತ್ತಿಟ್ಟರು, ಕೊಳ್ಳುವವನ ಕಾರು ತಿರುಗಿ ಹೋಯಿತು. ಹೊರಡುವಾಗ ಮಗ ಗೇಟಿನ ಹೊರಗೆ ಕಾರು ನಿಲ್ಲಿಸಿ, ಬಾಟ್ಲಿ ನೀರಿನಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದ. ಆಮೇಲೆ ನನ್ನ ಗಂಡನನ್ನು ಹತ್ತಿರ ಕರೆದು, ಅಪ್ಪ ಇರುವ ತನಕ ಹೀಗೇ ನಡೆಯಲಿ, ನೀವೂ ಇರಿ, ಅವರಾದ ಮೇಲೆ ನೋಡೋಣ ಎಂದ. ಇವರು ಒಳಗೆ ಬಂದು ನನಗೆ ಹೇಳಿದಾಗ ನಾನು ದೇವರಿಗೆ ಕೈಮುಗಿದೆ. ಬಾಬಾಗೆ ಆಯುಸ್ಸು ಕೊಡು ಎಂದು ಬೇಡಿಕೊಂಡೆ. ಅದರಲ್ಲಿ ಅವರ ಮೇಲಿನ ಪ್ರೀತಿ ಎಷ್ಟು, ನಮ್ಮ ವೀಸಾದ ಚಿಂತೆ ಎಷ್ಟು ಎಂದು ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಮಗನ ಮಾತಿನಿಂದ ಬಾಬಾಗೆ ಹೊಸ ಜೀವ ಬಂದಂತಾಯಿತು. ಹಳೆಯ ಮರಗಳ ಬುಡದಿಂದ ಖರ್ಜೂರದ ಕಂದುಗಳನ್ನು ಕೀಳಿಸಿ, ನಿಂಬೆ ಸತ್ತ ಜಾಗದಲ್ಲಿ ಸಾಲಾಗಿ ನೆಡಿಸಿದರು. ಮಗನ ಮಕ್ಕಳ ಕಾಲಕ್ಕೆ ಫಲ ಬರುತ್ತದೆ ಎನ್ನುತ್ತಿದ್ದರು. ಆ ನೀರಿಗೆ ಎಳೆಯ ಕಂದು ಬದುಕುವುದಿಲ್ಲ ಎಂದು ಗೊತ್ತಿದ್ದೂ ನನ್ನ ಗಂಡ ಒಂದೊಂದು ಗುಂಡಿಯನ್ನೂ ನಿಂತು ತೋಡಿಸಿದರು. ನಡುವಿನ ಸುಳಿ ಒಣಗಿದ ಕಂದನ್ನು ಬಾಬಾ ಏಳುವ ಮುಂಚೆ ಕಿತ್ತು, ಅಲ್ಲಿ ಇನ್ನೊಂದನ್ನು ಇಡುತ್ತಿದ್ದರು. ಇದಕ್ಕಿಂತ ದುಕ್ಮ್ ಕ್ಯಾಂಪೇ ವಾಸಿ ಎಂದು ಒಮ್ಮೆ ಹೇಳಿದರು. ನಾನು ಬಯ್ದೆ, ಮಗಳ ಸ್ಕೂಲು ನೆನಪು ಮಾಡಿದೆ.

ಬೇಸಿಗೆ ಬರುವಾಗ ಬಾಬಾನ ಕಾಲು ಊದಿತು. ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತು ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಸೊಹಾರಿನ ದೊಡ್ಡ ಆಸ್ಪತ್ರೆಗೆ ಹೋಗಲು ಒಪ್ಪದೆ, ನಿನ್ನ ಕ್ಲಿನಿಕ್ಕಿಗಾದರೆ ಬರುತ್ತೇನೆ ಎಂದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ನಮ್ಮ ಡಾಕ್ಟರಿಗೆ ಮಲಯಾಳ ಮತ್ತು ಇಂಗ್ಲಿಷು, ಅರಬಿ ಅಷ್ಟಕ್ಕಷ್ಟೇ, ಹಾಗಾಗಿ ನಡುವೆ ನಾನು. ರಕ್ತದೊತ್ತಡ ನೋಡಿ ಡಾಕ್ಟರು ಮತ್ತೊಮ್ಮೆ ನೋಡಿದರು. ಹೃದಯ ದಣಿದಿದೆ, ಕಿಡ್ನಿಯೂ ಸರಿಯಿಲ್ಲ, ಊಟದಲ್ಲಿ ಉಪ್ಪು ಎಷ್ಟು ಎಂದು ಕೇಳಲು ಹೇಳಿದರು. ನಾನು ಕೇಳಿದೆ. ಮಸ್ಕತ್‌ನ ಡಾಕ್ಟರು ಅಂದೇ ಬೇಡ ಎಂದಿದ್ದರು, ಅಂದಿನಿಂದ ಒಂದು ಹರಳನ್ನೂ ಮುಟ್ಟಿಲ್ಲ ಎಂದು ಬಾಬಾ ಎದೆ ಮೇಲೆ ಕೈಯಿಟ್ಟು ಹೇಳಿದರು. ಎಂದೋ ಒಮ್ಮೆ ನಾನು ಕಳಿಸುತ್ತಿದ್ದ ಸಾರು ಬಿಟ್ಟರೆ ಅದು ಸತ್ಯವೇ. ಅವರ ಅಡುಗೆಯವನು ಉಪ್ಪಿನ ಡಬ್ಬಿಯನ್ನೇ ಇಟ್ಟಿರಲಿಲ್ಲ.

ಹಾಗಾದರೆ ಇಷ್ಟು ಉಪ್ಪು ಎಲ್ಲಿಂದ ಬರುತ್ತಿದೆ ಎಂದು ಡಾಕ್ಟರು ನನ್ನನ್ನು ಕೇಳಿದರು. ನೀರು ಎಂದೆ, ಇಂಗ್ಲಿಷಿನಲ್ಲಿ. ಬಾವಿ ಉಪ್ಪಾಗಿದೆ, ಇವರಿಗೆ ರುಚಿ ತಿಳಿಯುವುದಿಲ್ಲ, ದಿನಾ ಬಟ್ಟಲು ಬಟ್ಟಲು ಕುಡಿಯುತ್ತಾರೆ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಇದನ್ನು ಇವತ್ತೇ ನಿಲ್ಲಿಸದಿದ್ದರೆ ಇವರು ಹೆಚ್ಚು ಕಾಲ ಇರುವುದಿಲ್ಲ, ಈಗಲೇ ಅವರಿಗೆ ಹೇಳಿ ಎಂದರು.

ನಾನು ಸುತ್ತಿ ಬಳಸಿ ಹೇಳಬಹುದಿತ್ತು. ಬಾಟ್ಲಿ ನೀರೇ ಕುಡಿಯಬೇಕಂತೆ, ಔಷಧಿಗೆ ಅದೇ ಒಳ್ಳೆಯದಂತೆ ಎಂದು ಏನೋ ಒಂದು. ನನ್ನ ಬಾಯಿಗೆ ಅದು ಬರಲಿಲ್ಲ. ಎದುರಿಗೆ ಕೂತ ಮನುಷ್ಯ ನಮ್ಮೆಲ್ಲರ ಮಾತು ನಂಬಿ ಸಾಯುತ್ತಿದ್ದ.

"ಬಾಬಾ, ನೀರು ಉಪ್ಪಾಗಿದೆ" ಎಂದೆ. "ತುಂಬ ಸಮಯ ಆಯ್ತು. ನಮ್ಮ ಮನೆಯಲ್ಲಿ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದೇನೆ."

ಅವರು ನನ್ನನ್ನು ನೋಡಿದರು. ಸಿಟ್ಟು ಬರುತ್ತದೆ, ಬಯ್ಯುತ್ತಾರೆ ಅಂದುಕೊಂಡಿದ್ದೆ. ಎದ್ದು ನಿಂತು, ಡಾಕ್ಟರಿಗೆ ಸಲಾಮು ಹೇಳಿ, ಕೋಲೂರಿಕೊಂಡು ಕಾರಿಗೆ ಹೋಗಿ ಕೂತರು. ಒಣಗಿ ನಿಂತ ತೋಟಗಳು, ಇಸ್ತಿರಾಹದ ಗೋಡೆಗಳು ಕಿಟಕಿಯ ಆಚೆ ಹೋದವು. ನಮ್ಮ ಗೇಟು ಕಾಣುವಾಗ ಕಾರು ನಿಲ್ಲಿಸಲು ಹೇಳಿದರು.

"ನನ್ನ ಮಗ ಕುಡಿದನಲ್ಲ. ಅವನ ನಾಲಿಗೆ ಸರಿ ಇದೆ" ಎಂದರು.

ನಾನು ಸ್ಟಿಯರಿಂಗ್ ನೋಡುತ್ತಾ ಕೂತೆ. ಸರಿ ಇದೆ ಎಂದೆ.

ಆವತ್ತು ಕೊಳ್ಳುವವನು ಹಿಂದಿನ ಕಾರಿನಲ್ಲೇ ಇದ್ದದ್ದು ಅವರಿಗೆ ಆಗಲೇ ಗೊತ್ತಿತ್ತಂತೆ. ಅಷ್ಟು ದೂರ ಅವನನ್ನು ಕರೆದುಕೊಂಡು ಬಂದ ಮಗ ಬರಿಗೈಯಲ್ಲಿ ಯಾಕೆ ಕಳಿಸಿದ ಎಂದು ಈಗ ತಮ್ಮೊಳಗೇ ಜೋಡಿಸಿಕೊಳ್ಳುತ್ತಿದ್ದರು. ನಿಮಗೋಸ್ಕರ ಹಾಗೆ ಹೇಳಿದ ಬಾಬಾ, ಅವನ ಮೇಲೆ ಕೋಪ ಮಾಡಬೇಡಿ ಎಂದೆ. ಕೋಪ ಯಾಕೆ ಎಂದು ಅವರು ನನ್ನನ್ನೇ ಕೇಳಿದರು. ಅವರ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಮಾತ್ರ ದುಃಖ ಇರಲಿಲ್ಲ. ನಾಳೆಯಿಂದ ಕ್ಯಾನ್ ನೀರು ನಾನೇ ತಂದುಕೊಡುತ್ತೇನೆ, ಸಹಿ ಹಾಕಿ ಸೊಹಾರಿಗೆ ಹೋಗಿಬಿಡಿ, ನಮ್ಮ ಚಿಂತೆ ಬಿಡಿ, ನಾವು ಹೇಗಾದರೂ ಬದುಕುತ್ತೇವೆ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಆ ಕ್ಷಣಕ್ಕೆ ಅದು ನಿಜವಾಗಿಯೂ ನನ್ನ ಮನಸ್ಸಿನಿಂದ ಬಂದ ಮಾತು.

"ನಾನು ಸಹಿ ಹಾಕಿದರೆ ಅವನಿಗೆ ಗೊತ್ತಾಗುತ್ತದೆ, ಅವನ ಸುಳ್ಳು ನನಗೆ ತಿಳಿಯಿತು ಅಂತ" ಎಂದರು. "ಎಲ್ಲರ ಎದುರು ಆ ನೀರನ್ನು ಪೂರ್ತಿ ಕುಡಿದಿದ್ದಾನೆ, ಬಿಂತಿ. ಅವನು ಕೊಟ್ಟದ್ದನ್ನು ನಾನು ಹಿಂದೆ ಕೊಡುವುದು ಹೇಗೆ?"

ಬಿಂತಿ ಅಂದರೆ ನನ್ನ ಮಗಳೇ ಎಂದು. ಹಾಗೆ ಕರೆದು, ಮಗನಿಗಾಗಲೀ ನನ್ನ ಗಂಡನಿಗಾಗಲೀ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಇವರಿಗೆ ನಾನು ಆ ದಿನವೇ ಹೇಳಿಬಿಟ್ಟೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಇವರು ಕೇಳಿ ಎದ್ದು ಹೊರಗೆ ಹೋದರು. ಮಗನಿಗೆ ಫೋನ್ ಮಾಡೋಣ ಎಂದು ಎಷ್ಟು ಸಲ ಕೈಗೆತ್ತಿಕೊಂಡೆನೋ. ಏನೆಂದು ಹೇಳುವುದು? ನಿನ್ನ ಮಾತು ಉಳಿಸಲು ನಿನ್ನಪ್ಪ ವಿಷ ಕುಡಿಯುತ್ತಿದ್ದಾರೆ ಎಂದೇ? ಡಾಕ್ಟರು ಕೊಟ್ಟ ಮಾತ್ರೆಗಳನ್ನು ಬಾಬಾ ತಪ್ಪದೆ ನುಂಗುತ್ತಾರೆ. ಹಗಲು ನಾನು ತಂದುಕೊಟ್ಟ ಬಾಟ್ಲಿ ನೀರನ್ನೂ ಕುಡಿಯುತ್ತಾರೆ. ಆದರೆ ಬೆಳಿಗ್ಗೆ ಪಂಪಿನ ಹತ್ತಿರ ಹೋಗುವುದನ್ನು ಬಿಟ್ಟಿಲ್ಲ. ಬಿಟ್ಟರೆ ಆಳುಗಳು ನೋಡುತ್ತಾರೆ, ಊರಿಗೆ ಸುದ್ದಿ ಹೋಗುತ್ತದೆ, ಊರಿನಿಂದ ಮಗನಿಗೆ ಹೋಗುತ್ತದೆ ಎಂದು ಅವರ ಲೆಕ್ಕ. ಬಟ್ಟಲನ್ನು ಈಗ ಬೇರೆ ಯಾರ ಕೈಗೂ ಕೊಡುವುದಿಲ್ಲ, ಅಷ್ಟು ಬದಲಾಗಿದ್ದಾರೆ.

ಇವತ್ತು ಬೆಳಿಗ್ಗೆ ಅವರನ್ನು ಪಂಪಿನ ತನಕ ನನ್ನ ಗಂಡ ತೋಳು ಹಿಡಿದು ನಡೆಸಿಕೊಂಡು ಹೋದರು. ಕಾಲು ಚಪ್ಪಲಿಯೊಳಗೆ ಹೋಗುವುದಿಲ್ಲ, ಬರಿಗಾಲಲ್ಲಿ ಬಂದಿದ್ದರು. ಸಿಮೆಂಟು ಕಟ್ಟೆಯ ಮೇಲೆ ಕೂತು, ಎರಡು ಕೈಯಲ್ಲಿ ಬಟ್ಟಲು ಎತ್ತಿ, ನಡುವೆ ಉಸಿರು ತೆಗೆದುಕೊಂಡು, ಎಲ್ಲ ಕುಡಿದರು. ಬೇಡ ಬಾಬಾ ಎಂದು ನಾನು ಕಿಟಕಿಯಿಂದ ಕೂಗಿದೆ. ಕೇಳಿಸಿತು ಅವರಿಗೆ. ನನ್ನ ಕಡೆ ನೋಡಿ, ಸುಮ್ಮನಿರು ಎನ್ನುವಂತೆ ಕೈ ತೋರಿಸಿದರು. ಆಮೇಲೆ ಕಿಸೆಯಿಂದ ಫೋನು ತೆಗೆದು ಮಗನಿಗೆ ಕರೆ ಮಾಡಿ, ನೀರು ಇವತ್ತೂ ಸಿಹಿಯಾಗಿದೆ ಎಂದು ಹೇಳಿದರು.